ಕೈಗೆ ಬಾರದ ಬಡ್ಡಿಗೂ ತೆರಿಗೆಯಾ? ಅಮೆರಿಕದ ಡಿಸ್ಕೌಂಟ್ ಬಾಂಡ್‌ಗಳ ಲೆಕ್ಕ

ಪ್ರಶ್ನೆ: ನಮಸ್ಕಾರ ಸರ್. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳ ಕಾಲೇಜಿಗೆ ಆಗಲಿ ಅಂತ 2024ರ ಫೆಬ್ರುವರಿ 15ರಂದು ಬ್ರೋಕರೇಜ್ ಖಾತೆಯಲ್ಲಿ ಅಮೆರಿಕ ಸರ್ಕಾರದ ಟ್ರೆಷರಿಯ ಒಂದು ಜೀರೋ ಕೂಪನ್ ಬಾಂಡ್, ಸ್ಟ್ರಿಪ್ಸ್ ಅಂತಾರಲ್ಲ ಅದು, ತಗೊಂಡೆ. ಕೊಟ್ಟಿದ್ದು 6,408 ಡಾಲರ್ 16 ಸೆಂಟ್. 2034ರ ಫೆಬ್ರುವರಿ 15ಕ್ಕೆ 10,000 ಡಾಲರ್ ಬರುತ್ತದೆ. ಮಧ್ಯೆ ಏನೂ ಬರಲ್ಲ. ಈಗ 2025ರ ಲೆಕ್ಕಕ್ಕೆ 1099-ಓಐಡಿ ಅನ್ನೋ ಫಾರ್ಮ್ ಬಂದಿದೆ. ಬಾಕ್ಸ್ 8ರಲ್ಲಿ 303.24 ಅಂತಿದೆ. ಹುಡುಕಿ ನೋಡಿದರೆ ಹೋದ ವರ್ಷವೂ 255.57ಕ್ಕೆ ಒಂದು ಬಂದಿತ್ತು, ನಾನು ನೋಡಿರಲಿಲ್ಲ. ಒಂದು ಸೆಂಟೂ ಕೈಗೆ ಬಂದಿಲ್ಲ, ಆದರೂ ತೆರಿಗೆ ಕಟ್ಟಬೇಕಾ? 2034ರಲ್ಲಿ ಒಟ್ಟಿಗೆ ಕಟ್ಟಿದರೆ ಆಗಲ್ವಾ? ನನ್ನ ತಮ್ಮನ ಹತ್ತಿರ ಟ್ರೆಷರಿ ಬಿಲ್ ಇದೆ, ಅವನಿಗೆ ಈ ಫಾರ್ಮ್ ಬರುವುದಿಲ್ಲ. ನಾನೇ 8,800ಕ್ಕೆ ತಗೊಂಡ 10,000 ಮುಖಬೆಲೆಯ ಒಂದು ಕಂಪನಿ ಬಾಂಡ್‌ಗೂ ಬಂದಿಲ್ಲ. ಬಾಂಡನ್ನು ಮಗಳ ಹೆಸರಿಗೆ ಮಾಡಿದರೆ ಏನಾದರೂ ಉಪಯೋಗ ಉಂಟಾ?

ಉತ್ತರ: ಫಾರ್ಮ್ ಸರಿಯಾಗಿಯೇ ಬಂದಿದೆ. ತೆರಿಗೆ ಈ ವರ್ಷವೇ ಕಟ್ಟಬೇಕು, 2034ಕ್ಕೆ ಕಾಯುವ ಹಾಗಿಲ್ಲ. ಹೋದ ವರ್ಷದ್ದನ್ನೂ ಸರಿ ಮಾಡಬೇಕು. ಆದರೆ ಗಾಬರಿ ಬೀಳುವಷ್ಟು ದೊಡ್ಡ ಮೊತ್ತ ಅಲ್ಲ. ನೀವು 24 ಪರ್ಸೆಂಟ್ ಸ್ಲ್ಯಾಬಿನಲ್ಲಿದ್ದರೆ 303.24ಕ್ಕೆ ಸುಮಾರು 73 ಡಾಲರ್, ಹೋದ ವರ್ಷದ್ದಕ್ಕೆ 61 ಡಾಲರ್. ನನಗೆ ಈ 73 ಡಾಲರಿಗಿಂತ ನೀವು ಬಾಂಡ್ ಮಾರುವ ದಿನದ ಚಿಂತೆಯೇ ಜಾಸ್ತಿ. ವರ್ಷವರ್ಷ ತೆರಿಗೆ ಕಟ್ಟಿ, ಮಾರುವಾಗ ಅದನ್ನು ಲೆಕ್ಕಕ್ಕೆ ಹಿಡಿಯದೆ ಅದೇ ದುಡ್ಡಿಗೆ ಇನ್ನೊಂದು ಸಲ ತೆರಿಗೆ ಕಟ್ಟುವವರು ಬಹಳ ಮಂದಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು, ಯಾಕೆ ಹೀಗೆ ಅಂತ. ನೀವು 6,408 ಕೊಟ್ಟು 10,000 ತಗೊಳ್ಳುತ್ತೀರಿ. ನಡುವಿನ 3,591.84 ಡಾಲರ್ ಲಾಟರಿ ಹೊಡೆದದ್ದಲ್ಲ, ಷೇರು ಏರಿ ಬಂದ ಲಾಭವೂ ಅಲ್ಲ. ಅದು ಬಡ್ಡಿ. ಕೊಡುವ ದಿನ ಮಾತ್ರ ಹತ್ತು ವರ್ಷ ಆಚೆಗಿದೆ. ಸಾಮಾನ್ಯ ಬಾಂಡ್ ಇಟ್ಟುಕೊಂಡ ನಿಮ್ಮ ಪಕ್ಕದ ಮನೆಯವರು ಆರು ತಿಂಗಳಿಗೊಮ್ಮೆ ಬಡ್ಡಿ ತಗೊಂಡು ಪ್ರತಿ ವರ್ಷ ತೆರಿಗೆ ಕಟ್ಟುತ್ತಾರೆ. ಬಡ್ಡಿಯನ್ನು ಕೊನೆಗೆ ತಳ್ಳಿದ ಮಾತ್ರಕ್ಕೆ ನಿಮಗೆ ಹತ್ತು ವರ್ಷ ರಜೆ ಕೊಡುವುದಿಲ್ಲ ಅಂತ ಕಾನೂನು ಹೇಳುತ್ತದೆ. ಬಾಂಡ್ ಬಿಡುಗಡೆಯಾದ ಬೆಲೆಗೂ ಕೊನೆಗೆ ಬರುವ ಮೊತ್ತಕ್ಕೂ ಇರುವ ಈ ಅಂತರಕ್ಕೆ ಒರಿಜಿನಲ್ ಇಶ್ಯೂ ಡಿಸ್ಕೌಂಟ್, ಅಂದರೆ ಓಐಡಿ, ಅನ್ನುತ್ತಾರೆ. ಅದರಲ್ಲಿ ಆ ವರ್ಷ ಎಷ್ಟು ಬೆಳೆಯಿತೋ ಅಷ್ಟು ಆ ವರ್ಷದ ಆದಾಯ.

ಈ ನಿಯಮ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಕಂಪನಿ ಬಾಂಡ್ ಇಟ್ಟುಕೊಂಡವರು ಡಿಸ್ಕೌಂಟನ್ನು ವರ್ಷವರ್ಷ ಆದಾಯಕ್ಕೆ ಸೇರಿಸಬೇಕು ಅಂತ 1969ರಲ್ಲೇ ಕಾನೂನು ಬಂದಿತ್ತು. ಆದರೆ ಆಗ ಒಟ್ಟು ಡಿಸ್ಕೌಂಟನ್ನು ವರ್ಷಗಳ ಮೇಲೆ ಸಮನಾಗಿ ಹಂಚುತ್ತಿದ್ದರು. ಬಾಂಡ್ ಹೊರಡಿಸಿದ ಕಂಪನಿಯೂ ಹಾಗೇ ಹಂಚಿ ಖರ್ಚು ತೋರಿಸುತ್ತಿತ್ತು. ಬಡ್ಡಿದರ ಕಡಿಮೆ ಇದ್ದಾಗ ಇದು ಯಾರಿಗೂ ದೊಡ್ಡ ವಿಷಯ ಆಗಿರಲಿಲ್ಲ. 1980ರ ದಶಕದ ಶುರುವಿನಲ್ಲಿ ಬಡ್ಡಿದರ ಗಗನಕ್ಕೇರಿತು. 1981ರಲ್ಲಿ ಜೆ.ಸಿ. ಪೆನ್ನಿಯಂಥ ಕಂಪನಿಗಳು ಜೀರೋ ಕೂಪನ್ ಬಾಂಡ್ ಹೊರಡಿಸಲು ಶುರು ಮಾಡಿದವು. ಇದರಲ್ಲಿ ಕಂಪನಿಗೆ ಏನು ಲಾಭ ಅಂತೀರಾ? ಒಂದು ಲೆಕ್ಕ ನೋಡಿ. ವರ್ಷಕ್ಕೆ 14 ಪರ್ಸೆಂಟ್ ಬಡ್ಡಿಯಲ್ಲಿ, 30 ವರ್ಷ ಬಿಟ್ಟು 1,000 ಡಾಲರ್ ಕೊಡುವ ಬಾಂಡಿಗೆ ಇವತ್ತು ಸಿಗುವುದು 19.63 ಡಾಲರ್ ಮಾತ್ರ. ಮೊದಲ ವರ್ಷದ ನಿಜವಾದ ಬಡ್ಡಿ 2.75. ಆದರೆ ಸಮನಾಗಿ ಹಂಚಿದರೆ ವರ್ಷಕ್ಕೆ 32.68 ಖರ್ಚು ತೋರಿಸಬಹುದು. ಸಾಲ ತಂದದ್ದೇ 19.63, ಒಂದೇ ವರ್ಷದ ಬಡ್ಡಿ ಖರ್ಚು 32.68! ಸರ್ಕಾರ ಸುಮ್ನೆ ಕೂರುತ್ತಾ? 1982ರ ಕಾನೂನಿನಲ್ಲಿ ಸಮ ಹಂಚಿಕೆಯನ್ನು ತೆಗೆದು, ನಿಜವಾದ ಚಕ್ರಬಡ್ಡಿ ಲೆಕ್ಕವನ್ನೇ ತಂದರು. 1984ರಲ್ಲಿ ಅದನ್ನು ಇನ್ನೂ ಅಗಲ ಮಾಡಿದರು. ಕಂಪನಿಗಳ ಆಟ ಕಟ್ಟಲು ತಂದ ಆ ಲೆಕ್ಕವೇ ಇವತ್ತು ನಿಮ್ಮ ಬಾಕ್ಸ್ 8ರಲ್ಲಿ ಕೂತಿದೆ.

ಈಗ 255.57 ಮತ್ತು 303.24 ಎಲ್ಲಿಂದ ಬಂದವು ನೋಡೋಣ. ಒಂದು ಸಲ ಕೈಯಾರೆ ಮಾಡಿ ನೋಡಿದರೆ ಭಯ ಹೋಗುತ್ತದೆ.

6,408.16 ಹತ್ತು ವರ್ಷದಲ್ಲಿ 10,000 ಆಗಬೇಕಾದರೆ ವರ್ಷಕ್ಕೆ 4.5 ಪರ್ಸೆಂಟ್, ಆರು ತಿಂಗಳಿಗೊಮ್ಮೆ ಚಕ್ರಬಡ್ಡಿ. ಅಂದರೆ ಪ್ರತಿ ಆರು ತಿಂಗಳಿಗೆ 2.25 ಪರ್ಸೆಂಟ್. ಮೊದಲ ಆರು ತಿಂಗಳು, 2024ರ ಫೆಬ್ರುವರಿ 15ರಿಂದ ಆಗಸ್ಟ್ 15ರ ತನಕ: 6,408.16ಕ್ಕೆ 2.25 ಪರ್ಸೆಂಟ್, 144.18. ಅದನ್ನು ಅಸಲಿಗೆ ಸೇರಿಸಿ. ಈಗ 6,552.34. ಮುಂದಿನ ಆರು ತಿಂಗಳಿಗೆ ಇದರ ಮೇಲೆ 2.25 ಪರ್ಸೆಂಟ್, 147.43. ಆದರೆ ಈ ಎರಡನೇ ಕಂತು ಮುಂದಿನ ಫೆಬ್ರುವರಿಯ ತನಕ ಹೋಗುತ್ತದೆ. ತೆರಿಗೆ ವರ್ಷ ಮುಗಿಯುವುದು ಡಿಸೆಂಬರ್ 31ಕ್ಕೆ. ತಿಂಗಳಿಗೆ 30 ದಿನದ ಲೆಕ್ಕ ಹಿಡಿದರೆ 180 ದಿನದಲ್ಲಿ 136 ದಿನ 2024ಕ್ಕೆ, ಉಳಿದ 44 ದಿನ 2025ಕ್ಕೆ. 136 ದಿನಕ್ಕೆ 111.39. ಮೊದಲಿನ 144.18 ಕೂಡಿದರೆ 255.57. ನಿಮ್ಮ ಹೋದ ವರ್ಷದ ಫಾರ್ಮ್ ಇದೇ. 2025ಕ್ಕೂ ಹೀಗೇ: ಹಳೆಯ ಕಂತಿನ 44 ದಿನ, ನಡುವಿನ ಪೂರ್ತಿ ಆರು ತಿಂಗಳು, ಅದರಾಚೆಯ ಕಂತಿನ 136 ದಿನ. ಕೂಡಿದರೆ 303.24.

ಗಮನಿಸಿ, ಇದು ಪ್ರತಿ ವರ್ಷ ಏರುತ್ತಾ ಹೋಗುತ್ತದೆ. ಮೊದಲ ಹನ್ನೆರಡು ತಿಂಗಳಲ್ಲಿ 291.61 ಬೆಳೆದರೆ ಕೊನೆಯ ಹನ್ನೆರಡು ತಿಂಗಳಲ್ಲಿ 435.26. ಸಮನಾಗಿ ಹಂಚಿದ್ದರೆ ಪ್ರತಿ ವರ್ಷ 359.18 ಬರುತ್ತಿತ್ತು. ಹಾಗಾಗಿ ಈಗಿನ ಲೆಕ್ಕ ಶುರುವಿನ ವರ್ಷಗಳಲ್ಲಿ ನಿಮಗೇ ಒಳ್ಳೆಯದು.

ಇನ್ನೊಂದು ವಿಷಯ. ಬ್ರೋಕರೇಜ್ ಆ್ಯಪಿನಲ್ಲಿ ಬಾಂಡಿನ ಮಾರುಕಟ್ಟೆ ಬೆಲೆ ಬಿದ್ದಿದ್ದರೂ ಓಐಡಿ ಬದಲಾಗುವುದಿಲ್ಲ. "ಬೆಲೆ ಇಳಿದಿದೆ, ಆದಾಯ ಎಲ್ಲಿಂದ ಬಂತು?" ಅಂತ ಕೇಳುವವರಿದ್ದಾರೆ. ಓಐಡಿ ಲೆಕ್ಕ ನಡೆಯುವುದು ನೀವು ಕೊಂಡ ದಿನದ ಬೆಲೆ ಮತ್ತು ಅವತ್ತಿನ ಬಡ್ಡಿದರದ ಮೇಲೆ. ಮಾರುಕಟ್ಟೆ ಏರಿಳಿತ ಮಾರುವ ದಿನ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಫಾರ್ಮ್ ತುಂಬುವ ಬಗ್ಗೆ. ಓಐಡಿ ಹೋಗುವುದು ಬಡ್ಡಿಯ ಸಾಲಿಗೇ, ಅಂದರೆ ಫೆಡರಲ್ ರಿಟರ್ನ್ ಫಾರ್ಮ್ 1040ರ 2ಬಿ ಸಾಲಿಗೆ. ತೆರಿಗೆ ಇರುವ ಬಡ್ಡಿ ಒಟ್ಟು 1,500 ಡಾಲರ್ ದಾಟಿದರೆ ಬಡ್ಡಿಯ ವಿವರ ಬರೆಯುವ ಶೆಡ್ಯೂಲ್ ಬಿ ಹಾಳೆಯೂ ಬೇಕು. ಇಲ್ಲಿ ಒಂದು ಸಣ್ಣ ಜಾಗದಲ್ಲಿ ನಿಮ್ಮಂಥವರು ದುಡ್ಡು ಕಳೆದುಕೊಳ್ಳುತ್ತಾರೆ. 1099-ಓಐಡಿಯಲ್ಲಿ ಬಾಕ್ಸ್ 1 ಸಾಮಾನ್ಯ ಬಾಂಡ್‌ಗಳ ಓಐಡಿಗೆ, ಬಾಕ್ಸ್ 8 ಟ್ರೆಷರಿಯದ್ದಕ್ಕೆ. ಟ್ರೆಷರಿ ಬಡ್ಡಿಗೆ ಫೆಡರಲ್ ತೆರಿಗೆ ಇದೆ, ರಾಜ್ಯದ ತೆರಿಗೆ ಇಲ್ಲ. ಸಾಫ್ಟ್‌ವೇರಿನಲ್ಲಿ ಅವಸರದಲ್ಲಿ 303.24ನ್ನು ಬಾಕ್ಸ್ 1ಕ್ಕೆ ಹಾಕಿದರೆ ನ್ಯೂಜೆರ್ಸಿಯ ರಿಟರ್ನಿನಲ್ಲೂ ಅದು ಆದಾಯವಾಗಿ ಕೂರುತ್ತದೆ. ಯಾವ ಎಚ್ಚರಿಕೆಯೂ ಬರಲ್ಲ. ಬಾಕ್ಸ್ 8ಕ್ಕೇ ಹಾಕಿ. ಟೆಕ್ಸಾಸ್, ಫ್ಲಾರಿಡಾದಲ್ಲಿದ್ದವರಿಗೆ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಅವರಿಗೆ ಈ ತಲೆನೋವೂ ಇಲ್ಲ.

ಫಾರ್ಮಿನ ಸಂಖ್ಯೆ ತಪ್ಪಿರಬಹುದಾ? ಇರಬಹುದು. ಸ್ಟ್ರಿಪ್ಸ್ ವಿಷಯದಲ್ಲಿ ನಿಯಮ ಸ್ವಲ್ಪ ಬೇರೆ. ಟ್ರೆಷರಿ ಬಾಂಡಿನ ಅಸಲನ್ನೂ ಒಂದೊಂದು ಬಡ್ಡಿ ಕಂತನ್ನೂ ಬಿಡಿಸಿ ಬೇರೆ ಬೇರೆಯಾಗಿ ಮಾರಿದ್ದೇ ಸ್ಟ್ರಿಪ್ಸ್. ಮೊದಲು ಇದನ್ನು ದೊಡ್ಡ ಬ್ರೋಕರ್ ಕಂಪನಿಗಳು ಟೈಗರ್, ಕ್ಯಾಟ್ಸ್ ಅಂತ ಹೆಸರಿಟ್ಟು ಮಾರುತ್ತಿದ್ದವು. 1985ರಲ್ಲಿ ಟ್ರೆಷರಿಯೇ ಅದಕ್ಕೆ ವ್ಯವಸ್ಥೆ ಮಾಡಿತು. ಹೀಗೆ ಬಿಡಿಸಿದ ತುಂಡನ್ನು ನೀವು ಯಾವತ್ತು ಕೊಂಡಿರೋ ಅವತ್ತೇ ಅದು ಹೊಸದಾಗಿ ಬಿಡುಗಡೆಯಾಯಿತು ಅಂತ ಲೆಕ್ಕ. ಓಐಡಿ ನಿಂತಿರುವುದು ನಿಮ್ಮ ಬೆಲೆಯ ಮೇಲೆ, ಇನ್ಯಾರದೋ ಬೆಲೆಯ ಮೇಲೆ ಅಲ್ಲ. ಹಳೆಯ ಖಾತೆಯಿಂದ ವರ್ಗವಾದದ್ದೋ, ಯಾರೋ ಕೊಟ್ಟದ್ದೋ ಆದರೆ ಬ್ರೋಕರ್ ಹಾಕಿದ ಮೊತ್ತ ನಿಮ್ಮ ಲೆಕ್ಕಕ್ಕೆ ಹೊಂದದೇ ಇರಬಹುದು. ಆಗ ಮೇಲೆ ಮಾಡಿದಂತೆ ನೀವೇ ಲೆಕ್ಕ ಹಾಕಿ. ಶೆಡ್ಯೂಲ್ ಬಿಯಲ್ಲಿ ಫಾರ್ಮಿನ ಪೂರ್ತಿ ಮೊತ್ತ ಬರೆಯಿರಿ, ಕೆಳಗೆ "ಓಐಡಿ ಅಡ್ಜಸ್ಟ್‌ಮೆಂಟ್" ಅಂತ ಒಂದು ಸಾಲು ಹಾಕಿ ವ್ಯತ್ಯಾಸ ಕಳೆಯಿರಿ. ಸೀದಾ ಕಡಿಮೆ ಮೊತ್ತ ಬರೆದು ಕಳಿಸಬೇಡಿ. ಫಾರ್ಮಿನ ಇನ್ನೊಂದು ಪ್ರತಿ ಫೆಡರಲ್ ತೆರಿಗೆ ಇಲಾಖೆ ಐಆರ್‌ಎಸ್ ಹತ್ತಿರ ಇದೆ, ಅವರ ಕಂಪ್ಯೂಟರ್ ಎರಡನ್ನೂ ಹೋಲಿಸುತ್ತದೆ. ನಿಮ್ಮ ಮಟ್ಟಿಗೆ ಲೆಕ್ಕ ತಾಳೆಯಾಗುತ್ತಿದೆ, ಇದರ ಗೊಡವೆ ಬೇಡ.

ಹೋದ ವರ್ಷದ 255.57ಕ್ಕೂ ಇದೇ ಕಾರಣಕ್ಕೆ ಪತ್ರ ಬರುವುದು ಹೆಚ್ಚುಕಡಿಮೆ ಖಾತ್ರಿ. ಸಿಪಿ2000 ಅಂತ ಒಂದು ನೋಟಿಸ್. ಅದು ಬರುವ ಮೊದಲೇ ಫಾರ್ಮ್ 1040-ಎಕ್ಸ್ ಹಾಕಿ 2024ರ ರಿಟರ್ನ್ ತಿದ್ದಿಬಿಡಿ. ತೆರಿಗೆ, ಅದರ ಮೇಲೆ ಸ್ವಲ್ಪ ಬಡ್ಡಿ, ಅಷ್ಟೇ ಹೋಗುವುದು. "ಈ ವರ್ಷವೇ ಎರಡನ್ನೂ ಸೇರಿಸಿ 558.81 ತೋರಿಸಲಾ?" ಅಂತ ಕೇಳಬಹುದು. ಬೇಡ. ಆಯಾ ವರ್ಷದ್ದು ಆಯಾ ವರ್ಷಕ್ಕೆ.

ಈಗ ಮಾರುವ ದಿನಕ್ಕೆ ಬರೋಣ. ನೀವು ತೆರಿಗೆ ಕಟ್ಟಿದ ಒಂದೊಂದು ಡಾಲರ್ ಓಐಡಿಯೂ ನಿಮ್ಮ ಖರೀದಿ ಬೆಲೆಗೆ ಸೇರುತ್ತಾ ಹೋಗುತ್ತದೆ. ಇದಕ್ಕೆ ಬೇಸಿಸ್ ಅನ್ನುತ್ತಾರೆ. ಅರ್ಜೆಂಟಿಗೆ ದುಡ್ಡು ಬೇಕಾಗಿ 2027ರ ಫೆಬ್ರುವರಿ 15ರಂದು ಬಾಂಡನ್ನು ಮಾರಿದಿರಿ ಅಂತಿಟ್ಟುಕೊಳ್ಳಿ. ಅಷ್ಟೊತ್ತಿಗೆ ಬಡ್ಡಿದರ ಏರಿತ್ತು, ಸಿಕ್ಕಿದ್ದು 7,000. ನಿಮ್ಮ ಕಣ್ಣಿಗೆ ಕಾಣುವುದು 591.84 ಲಾಭ. ಆದರೆ ಮೂರು ವರ್ಷದಲ್ಲಿ 915.25 ಡಾಲರ್ ಓಐಡಿಯನ್ನು ನೀವು ಆಗಲೇ ಆದಾಯವಾಗಿ ತೋರಿಸಿದ್ದೀರಿ. ಹಾಗಾಗಿ ಬೇಸಿಸ್ 6,408.16 ಅಲ್ಲ, 7,323.41. ತೆರಿಗೆ ಲೆಕ್ಕದಲ್ಲಿ ಇದು ಲಾಭವೇ ಅಲ್ಲ, 323.41 ನಷ್ಟ. ಲಾಂಗ್ ಟರ್ಮ್ ಕ್ಯಾಪಿಟಲ್ ಲಾಸ್. ಬೇರೆ ಷೇರಿನ ಲಾಭದಿಂದ ಅದನ್ನು ಕಳೆಯಬಹುದು. ಲಾಭ ಇಲ್ಲದಿದ್ದರೆ ಸಂಬಳದಂಥ ಆದಾಯದಿಂದಲೂ ವರ್ಷಕ್ಕೆ 3,000 ಡಾಲರ್ ತನಕ ಕಳೆಯಬಹುದು. 915.25 ಆದಾಯ, 323.41 ನಷ್ಟ. ಕಳೆದರೆ ಅದೇ 591.84. ಸರ್ಕಾರಕ್ಕೆ ಸಲ್ಲಬೇಕಾದ್ದು ಸಂದಿತು, ನಿಮಗೂ ಅನ್ಯಾಯ ಆಗಲಿಲ್ಲ.

ಇದನ್ನು ಮರೆತು, ಕೊಂಡ ಬೆಲೆ 6,408 ಅಂತ, ಮಾರಾಟದ ಲಾಭನಷ್ಟ ತೋರಿಸುವ ಫಾರ್ಮ್ 8949ರಲ್ಲಿ ಬರೆದರೆ? 591.84ಕ್ಕೆ ಮತ್ತೆ ತೆರಿಗೆ. 323.41ರ ನಷ್ಟವೂ ಕೈ ತಪ್ಪಿತು. 2034ರ ತನಕ ಇಟ್ಟುಕೊಂಡರೆ ಪೆಟ್ಟು ಇನ್ನೂ ದೊಡ್ಡದು. ಅವತ್ತು ಬೇಸಿಸ್ ಸರಿಯಾಗಿ 10,000ಕ್ಕೆ ಬಂದು ನಿಂತಿರುತ್ತದೆ, ಲಾಭ ಸೊನ್ನೆ. ಹಳೆಯ ಬೆಲೆ ಹಾಕಿದರೆ ಪೂರ್ತಿ 3,591.84ಕ್ಕೆ ಎರಡನೇ ಸಲ ತೆರಿಗೆ. ಸ್ಟ್ರಿಪ್ಸ್‌ನಂಥ ಬಾಂಡನ್ನು 2016ರಿಂದೀಚೆಗೆ ಕೊಂಡಿದ್ದರೆ ಬ್ರೋಕರೇ ಬೇಸಿಸ್ ಲೆಕ್ಕ ಇಟ್ಟು, ಮಾರಾಟದ ವಿವರ ಕೊಡುವ 1099-ಬಿ ಫಾರ್ಮಿನಲ್ಲಿ ಕೊಡಬೇಕು ಅಂತ ನಿಯಮ ಇದೆ. ಆದರೂ ಕಣ್ಣುಮುಚ್ಚಿ ನಂಬಬೇಡಿ. ಪ್ರತಿ ವರ್ಷದ 1099-ಓಐಡಿಯನ್ನು ಒಂದೇ ಫೋಲ್ಡರಿಗೆ ಹಾಕಿಡಿ. ಮೇಲೆ ಒಂದು ಹಾಳೆಯಲ್ಲಿ ವರ್ಷ, ಓಐಡಿ, ಹೊಸ ಬೇಸಿಸ್ ಅಂತ ಮೂರು ಕಾಲಂ. ಹತ್ತು ವರ್ಷದಲ್ಲಿ ಬ್ರೋಕರ್ ಬದಲಾಗಬಹುದು, ಖಾತೆ ಇನ್ನೊಂದು ಕಂಪನಿಗೆ ಹೋಗಬಹುದು. ನಿಮ್ಮ ಹಾಳೆ ಎಲ್ಲಿಗೂ ಹೋಗಲ್ಲ.

ನಿಮ್ಮ ತಮ್ಮನ ಟ್ರೆಷರಿ ಬಿಲ್ ಕೂಡ ಡಿಸ್ಕೌಂಟಿನಲ್ಲೇ ಸಿಗುತ್ತದೆ. ಆದರೆ ಅದರ ಆಯುಸ್ಸು ಹೆಚ್ಚೆಂದರೆ ಒಂದು ವರ್ಷ. ಅಂಥ ಚಿಕ್ಕ ಅವಧಿಯ ಪತ್ರಗಳಿಗೆ ನಮ್ಮಂಥ ಸಾಮಾನ್ಯರು ವರ್ಷವರ್ಷದ ಲೆಕ್ಕ ಮಾಡಬೇಕಾಗಿಲ್ಲ. ದುಡ್ಡು ಕೈಗೆ ಬಂದ ವರ್ಷ ಡಿಸ್ಕೌಂಟ್ ಅಷ್ಟೂ ಬಡ್ಡಿ, ಬಡ್ಡಿ ತಿಳಿಸುವ 1099-ಐಎನ್‌ಟಿ ಫಾರ್ಮಿನ ಬಾಕ್ಸ್ 3ರಲ್ಲಿ ಬರುತ್ತದೆ. ಡಿಸೆಂಬರಿನಲ್ಲಿ ಕೊಂಡು ಮಾರ್ಚ್‌ನಲ್ಲಿ ದುಡ್ಡು ಬಂದರೆ ತೆರಿಗೆ ಎರಡನೇ ವರ್ಷಕ್ಕೆ. ಅವನಿಗೆ ಫಾರ್ಮ್ ಬರಲ್ಲ ಅಂತ ಅಲ್ಲ, ಬೇರೆ ಫಾರ್ಮ್ ಬರುತ್ತದೆ. ನೋಡಿಕೊಳ್ಳಲು ಹೇಳಿ.

ನಿಮ್ಮ 8,800 ಡಾಲರಿನ ಕಂಪನಿ ಬಾಂಡ್ ಮಾತ್ರ ಬೇರೆ ಜಾತಿ. ಅದು ಹುಟ್ಟಿದಾಗ 10,000ಕ್ಕೆ ಮಾರಾಟವಾಗಿತ್ತು ಅಂದುಕೊಳ್ಳುತ್ತೇನೆ. 2022ರ ಮಾರ್ಚ್‌ನಿಂದ ಫೆಡರಲ್ ರಿಸರ್ವ್ ಬಡ್ಡಿದರ ಏರಿಸುತ್ತಾ ಹೋಯಿತು. ಹೆಚ್ಚುಕಡಿಮೆ ಸೊನ್ನೆಯಲ್ಲಿದ್ದ ದರ 2023ರ ಜುಲೈ ಹೊತ್ತಿಗೆ 5.25ರಿಂದ 5.50ಕ್ಕೆ ಬಂತು. ಅದಕ್ಕೂ ಮೊದಲು ಎರಡು, ಎರಡೂವರೆ ಪರ್ಸೆಂಟಿಗೆ ಹುಟ್ಟಿದ ಬಾಂಡ್‌ಗಳನ್ನು ಯಾರು ಪೂರ್ತಿ ಬೆಲೆ ಕೊಟ್ಟು ತಗೊಳ್ಳುತ್ತಾರೆ? ಬೆಲೆ ಬಿತ್ತು. ಇದು ಹುಟ್ಟಿನಿಂದ ಬಂದ ಡಿಸ್ಕೌಂಟ್ ಅಲ್ಲ, ಮಾರುಕಟ್ಟೆಯಲ್ಲಿ ಆದ ಡಿಸ್ಕೌಂಟ್. ಇದಕ್ಕೆ ಪ್ರತಿ ವರ್ಷ ತೆರಿಗೆ ಇಲ್ಲ. ಕಂಪನಿ ಆಗಾಗ ಕೊಡುವ ಕೂಪನ್ ಬಡ್ಡಿಗೆ ಮಾತ್ರ 1099-ಐಎನ್‌ಟಿ ಬರುತ್ತದೆ. 1,200ರ ಲೆಕ್ಕ ಮಾರುವಾಗ ಅಥವಾ ಅವಧಿ ಮುಗಿದಾಗ.

ಆದರೆ ಆ 1,200 ಕಡಿಮೆ ದರದ ತೆರಿಗೆ ಬೀಳುವ ಕ್ಯಾಪಿಟಲ್ ಗೇನ್ ಅಂತ ಖುಷಿಪಡಬೇಡಿ. ಕೊಂಡಾಗ ಆರು ವರ್ಷ ಉಳಿದಿತ್ತು ಅನ್ನೋಣ. ವರ್ಷಕ್ಕೆ ಕಾಲು ಪರ್ಸೆಂಟಿನಂತೆ ಒಂದೂವರೆ ಪರ್ಸೆಂಟ್, ಅಂದರೆ 150 ಡಾಲರಿಗಿಂತ ಕಡಿಮೆ ಡಿಸ್ಕೌಂಟ್ ಆಗಿದ್ದರೆ ಅದನ್ನು ಸಣ್ಣದು ಅಂತ ಬಿಟ್ಟು ಕ್ಯಾಪಿಟಲ್ ಗೇನ್ ಮಾಡುತ್ತಾರೆ. 1,200 ಅದನ್ನು ಎಷ್ಟೋ ದಾಟಿದೆ. ಹಾಗಾಗಿ ಅವಧಿ ಮುಗಿದಾಗ ಪೂರ್ತಿ 1,200 ಬಡ್ಡಿಯಂತೆಯೇ, ನಿಮ್ಮ ಸ್ಲ್ಯಾಬ್ ದರದಲ್ಲಿ. ನಡುವೆ ಮಾರಿದರೆ ಅಲ್ಲಿಯ ತನಕ ಬೆಳೆದಷ್ಟು ಬಡ್ಡಿ, ಮಿಕ್ಕಿದ್ದು ಕ್ಯಾಪಿಟಲ್ ಗೇನ್. ಸಮ ಹಂಚಿಕೆಯಲ್ಲಿ ವರ್ಷಕ್ಕೆ 200. ಎರಡು ವರ್ಷ ಆದ ಮೇಲೆ 9,500ಕ್ಕೆ ಮಾರಿದರೆ 700 ಲಾಭದಲ್ಲಿ 400 ಬಡ್ಡಿ, 300 ಲಾಂಗ್ ಟರ್ಮ್ ಗೇನ್. ಬೇಕಿದ್ದರೆ ಇದನ್ನೂ ವರ್ಷವರ್ಷ ತೋರಿಸುತ್ತೇನೆ ಅಂತ ಆಯ್ಕೆ ಮಾಡಬಹುದು. ಒಂದು ಸಲ ಆಯ್ದುಕೊಂಡರೆ ಆಮೇಲೆ ಕೊಳ್ಳುವ ಇಂಥ ಬಾಂಡಿಗೆಲ್ಲ ಅನ್ವಯ, ಐಆರ್‌ಎಸ್ ಒಪ್ಪಿಗೆ ಇಲ್ಲದೆ ಹಿಂದೆ ಬರುವ ಹಾಗಿಲ್ಲ. ಹೆಚ್ಚಿನವರಿಗೆ ಅದು ಬೇಡ.

ಈ ಕಾಲು ಪರ್ಸೆಂಟ್ ನಿಯಮ ಓಐಡಿಗೂ ಇದೆ. 100 ಮುಖಬೆಲೆಯ ಹತ್ತು ವರ್ಷದ ಬಾಂಡ್ 98ಕ್ಕೆ ಬಿಡುಗಡೆಯಾದರೆ ಡಿಸ್ಕೌಂಟ್ 2, ಮಿತಿ ಎರಡೂವರೆ. ಓಐಡಿ ಇಲ್ಲವೇ ಇಲ್ಲ ಅಂತ ಲೆಕ್ಕ. 97ಕ್ಕೆ ಬಿಡುಗಡೆಯಾದರೆ ಮಿತಿ ದಾಟಿದ ಅರ್ಧ ಮಾತ್ರವಲ್ಲ, ಪೂರ್ತಿ 3 ಓಐಡಿ. ಇನ್ನು, ವರ್ಷದ ಓಐಡಿ 10 ಡಾಲರಿಗಿಂತ ಕಡಿಮೆ ಇದ್ದರೆ ಬ್ರೋಕರ್ ಫಾರ್ಮ್ ಕಳಿಸಬೇಕಾಗಿಲ್ಲ. ಫಾರ್ಮ್ ಬರಲಿಲ್ಲ ಅಂದ ಮಾತ್ರಕ್ಕೆ ತೆರಿಗೆ ಇಲ್ಲ ಅಂತ ಅರ್ಥ ಅಲ್ಲ.

ನೀವು ಕೇಳಿಲ್ಲ, ಆದರೂ ಇದನ್ನು ಹೇಳಲೇಬೇಕು. ಇಲ್ಲಿರುವ ಕನ್ನಡಿಗರಲ್ಲಿ ಸ್ಟ್ರಿಪ್ಸ್ ಇಟ್ಟುಕೊಂಡವರು ಅಪರೂಪ. ಊರಿನ ಬ್ಯಾಂಕಿನಲ್ಲಿ ಎಫ್‌ಡಿ ಇಲ್ಲದವರು ಅದಕ್ಕಿಂತ ಅಪರೂಪ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಐದು ವರ್ಷದ ಎಫ್‌ಡಿ, ಬಡ್ಡಿ ತೆಗೆಯದೆ ಕೊನೆಗೆ ಒಟ್ಟಿಗೆ ಬರುವ ಥರದ್ದು. "ಅವಧಿ ಮುಗಿದಾಗ ತೋರಿಸಿದರಾಯ್ತು" ಅಂತ ಎಲ್ಲರ ನಂಬಿಕೆ. ಅಮೆರಿಕದ ತೆರಿಗೆ ಲೆಕ್ಕದಲ್ಲಿ ನೀವು ರೆಸಿಡೆಂಟ್ ಆಗಿದ್ದರೆ ಹಾಗಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ, ಬಡ್ಡಿಯನ್ನು ಕೊನೆಗೆ ಕೊಡುವ ಠೇವಣಿಗೂ ಇದೇ ಓಐಡಿ ನಿಯಮ. ವರ್ಷವರ್ಷ ಬೆಳೆದ ಬಡ್ಡಿ ವರ್ಷವರ್ಷದ ಆದಾಯ. ಅನಿವಾಸಿ ಭಾರತೀಯರ ಎನ್‌ಆರ್‌ಇ ಎಫ್‌ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಅಮೆರಿಕದಲ್ಲಿ ಇದೆ. ನಮ್ಮ ಬ್ಯಾಂಕ್ 1099 ಕಳಿಸುವುದಿಲ್ಲ, ಅವರ ಬಡ್ಡಿ ಸರ್ಟಿಫಿಕೇಟ್ ಏಪ್ರಿಲ್‌ನಿಂದ ಮಾರ್ಚ್ ತನಕದ್ದು. ನಿಮಗೆ ಬೇಕಾದ್ದು ಜನವರಿಯಿಂದ ಡಿಸೆಂಬರ್ ಲೆಕ್ಕ. ನೆಟ್ ಬ್ಯಾಂಕಿಂಗಿನಲ್ಲಿ ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿದ ವಿವರ ಇಳಿಸಿಕೊಂಡು ಕೂಡಿ. ಜೊತೆಗೆ ಶೆಡ್ಯೂಲ್ ಬಿಯ ಮೂರನೇ ಭಾಗದಲ್ಲಿ ವಿದೇಶಿ ಖಾತೆ ಇದೆ ಅಂತ ಹೇಳಬೇಕು. ಎಲ್ಲ ವಿದೇಶಿ ಖಾತೆ ಸೇರಿ ವರ್ಷದಲ್ಲಿ ಯಾವುದಾದರೂ ಒಂದು ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಅನ್ನುವ ವಿದೇಶಿ ಖಾತೆಗಳ ವರದಿಯನ್ನು ಬೇರೆ ಹಾಕಬೇಕು.

ಭಾರತದ ಜೀರೋ ಕೂಪನ್ ಬಾಂಡ್ ಇಟ್ಟುಕೊಂಡವರಿಗೆ ಇನ್ನೊಂದು ತೊಡಕು. ಅಲ್ಲಿ ಕೇಂದ್ರ ಸರ್ಕಾರ ನೋಟಿಫೈ ಮಾಡಿದ ಜೀರೋ ಕೂಪನ್ ಬಾಂಡಿನ ಲಾಭವನ್ನು ಮಾರಿದಾಗ ಅಥವಾ ಅವಧಿ ಮುಗಿದಾಗ ಕ್ಯಾಪಿಟಲ್ ಗೇನ್ ಅಂತ ಹಿಡಿಯುತ್ತಾರೆ. 12 ತಿಂಗಳು ದಾಟಿದ್ದರೆ ಈಗ 12.5 ಪರ್ಸೆಂಟ್. ಇಲ್ಲಿ ಪ್ರತಿ ವರ್ಷ ಬಡ್ಡಿ. ಅಮೆರಿಕಕ್ಕೆ ಹತ್ತು ವರ್ಷ ಕಟ್ಟಿರುತ್ತೀರಿ, ಭಾರತಕ್ಕೆ ಕಟ್ಟುವುದು ಹತ್ತನೇ ವರ್ಷ. ಒಂದಕ್ಕೆ ಇನ್ನೊಂದರ ಕ್ರೆಡಿಟ್ ತಗೊಳ್ಳಲು ಹೋದರೆ ವರ್ಷಗಳೇ ಹೊಂದುವುದಿಲ್ಲ. ಇಲ್ಲಿ ವಾಸ ಇರುವ ತನಕ ಅಂಥದ್ದನ್ನು ಕೊಳ್ಳದಿರುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ನಿಜ ಹೇಳಬೇಕಂದರೆ, ಜೀರೋ ಕೂಪನ್ ಬಾಂಡಿಗೆ ಸಾಮಾನ್ಯ ಬ್ರೋಕರೇಜ್ ಖಾತೆ ಸರಿಯಾದ ಜಾಗವೇ ಅಲ್ಲ. ಐಆರ್‌ಎ, ಅಂದರೆ ನಿವೃತ್ತಿ ಉಳಿತಾಯ ಖಾತೆ, ಅದರ ಒಳಗೆ ಕೊಂಡಿದ್ದರೆ ಈ ಫಾರ್ಮೇ ಬರುತ್ತಿರಲಿಲ್ಲ. ಕಾಲೇಜಿಗೇ ಅಂದರೆ 529 ಪ್ಲಾನ್ ಅನ್ನುವ ಶಿಕ್ಷಣದ ಉಳಿತಾಯ ಖಾತೆ ಇದೆ. ಇನ್ನೊಂದು ದಾರಿ ಅಮೆರಿಕ ಸರ್ಕಾರದ ಸೇವಿಂಗ್ಸ್ ಬಾಂಡ್. ಅವುಗಳಿಗೆ ಓಐಡಿ ನಿಯಮ ಇಲ್ಲ, ಬಡ್ಡಿಯನ್ನು ನಗದು ಮಾಡುವ ತನಕ ಮುಂದಕ್ಕೆ ಹಾಕಬಹುದು. ಹಣದುಬ್ಬರಕ್ಕೆ ತಕ್ಕಂತೆ ಅಸಲು ಏರುವ ಟಿಪ್ಸ್ ಮಾತ್ರ ನಿಮ್ಮ ಸ್ಟ್ರಿಪ್ಸ್ ಥರವೇ. ಏರಿದ ಅಸಲಿಗೆ ಆ ವರ್ಷವೇ ತೆರಿಗೆ, 1099-ಓಐಡಿಯಲ್ಲೇ ಬರುತ್ತದೆ. ಹಾಗಂತ ನೀವು ಈಗ ಇದನ್ನು ಮಾರಿ ಓಡುವುದು ಬೇಡ. ವರ್ಷಕ್ಕೆ 70, 80 ಡಾಲರಿಗೋಸ್ಕರ ಅಷ್ಟು ಅವಸರ ಯಾಕೆ?

ಕೊನೆಗೆ ಮಗಳ ಹೆಸರಿನ ಪ್ರಶ್ನೆ. ಕಸ್ಟೋಡಿಯಲ್ ಖಾತೆ, ಅಂದರೆ ಮಗುವಿನ ಹೆಸರಿನಲ್ಲಿದ್ದು ದೊಡ್ಡವರು ನೋಡಿಕೊಳ್ಳುವ ಖಾತೆ, ತೆರೆದು ಬಾಂಡನ್ನು ಅದಕ್ಕೆ ವರ್ಗ ಮಾಡಿದರೆ ಅವತ್ತಿನಿಂದ ಓಐಡಿ ಮಗಳ ಆದಾಯ. 2025ರ ಲೆಕ್ಕದಲ್ಲಿ ಮಕ್ಕಳ ಬಡ್ಡಿ, ಡಿವಿಡೆಂಡ್ ಥರದ ಆದಾಯದಲ್ಲಿ ಮೊದಲ 1,350 ಡಾಲರಿಗೆ ತೆರಿಗೆ ಇಲ್ಲ. ಮುಂದಿನ 1,350ಕ್ಕೆ ಮಗುವಿನ ದರ. 2,700 ದಾಟಿದ್ದಕ್ಕೆ ತಂದೆತಾಯಿಯ ದರ. ಅವಳಿಗೆ ಇದೊಂದೇ ಆದಾಯ ಅಂದರೆ 300, 400 ಡಾಲರಿಗೆ ತೆರಿಗೆ ಸೊನ್ನೆ, ರಿಟರ್ನ್ ಹಾಕುವ ಕೆಲಸವೂ ಇಲ್ಲ. ಬೇಸಿಸ್ ಮಾತ್ರ ಮೇಲಿನ ಹಾಗೇ ಏರುತ್ತಾ ಹೋಗುತ್ತದೆ, ಹಾಳೆ ಮುಂದುವರಿಸಿ. ಇಷ್ಟು ಲಾಭದ ಪಕ್ಕದಲ್ಲಿ ಎರಡು ವಿಷಯ ಇಟ್ಟು ನೋಡಿ. ಒಮ್ಮೆ ಕೊಟ್ಟರೆ ಅದು ಅವಳದ್ದೇ. ನಾಳೆ ಮನೆ ಕೊಳ್ಳಲು ಬೇಕು ಅಂತ ನೀವು ವಾಪಸ್ ತೆಗೆಯುವ ಹಾಗಿಲ್ಲ, ವಯಸ್ಸಿಗೆ ಬಂದ ಮೇಲೆ ಕಾಲೇಜಿಗೇ ಖರ್ಚು ಮಾಡು ಅಂತ ಹೇಳುವ ಹಕ್ಕೂ ಇಲ್ಲ. ಇನ್ನೊಂದು, ಕಾಲೇಜಿನ ಫೆಡರಲ್ ನೆರವಿಗೆ ಎಫ್‌ಎಎಫ್‌ಎಸ್‌ಎ ಅರ್ಜಿ ಹಾಕುವಾಗ ಮಕ್ಕಳ ಹೆಸರಿನ ಆಸ್ತಿಯಲ್ಲಿ 20 ಪರ್ಸೆಂಟನ್ನು ಕಾಲೇಜಿಗೆ ಕೊಡಬಲ್ಲರು ಅಂತ ಹಿಡಿಯುತ್ತಾರೆ. ತಂದೆತಾಯಿಯ ಹೆಸರಿನಲ್ಲಿದ್ದರೆ ಹೆಚ್ಚೆಂದರೆ 5.64 ಪರ್ಸೆಂಟ್. 10,000ಕ್ಕೆ ಒಂದು ಕಡೆ 2,000, ಇನ್ನೊಂದು ಕಡೆ 564. ನೆರವು ಸಿಗುವಷ್ಟರ ಆದಾಯ ನಿಮ್ಮದಾಗಿದ್ದರೆ ಬಾಂಡ್ ನಿಮ್ಮ ಹೆಸರಿನಲ್ಲೇ ಇರಲಿ. ನಿಮ್ಮ ಸಂಬಳಕ್ಕೆ ನೆರವು ಹೇಗೂ ಬರಲ್ಲ ಅನ್ನುವುದಾದರೆ, ಮೊದಲನೆಯ ವಿಷಯಕ್ಕೆ ನಿಮ್ಮ ಮನಸ್ಸು ಒಪ್ಪಿದರೆ, ಮಗಳ ಹೆಸರಿಗೆ ಮಾಡಿ.